ಗಂಟೆಯ ವಿಮಾನಕ್ಕೆ ಬೆಳಿಗ್ಗೆ ಏಳೂವರೆಗೇ ಹೊರಡಬೇಕೆ?

ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಯಾರನ್ನೇ ಕೇಳಿ, “ಒಂದೇ ಗಂಟೆ ಕಣ್ರೀ” ಅಂತಾರೆ. ಸುಳ್ಳೇನಲ್ಲ. ಆದರೆ ಶಿಕಾರಿಪುರ, ಸೊರಬದ ಸೋದರಿಯರೇ, ನಮ್ಮ ಮನೆ ವಿಮಾನ ನಿಲ್ದಾಣದ ಪಕ್ಕದಲ್ಲಿಲ್ಲವಲ್ಲ!

ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನ ಶುರುವಾಯಿತು. ಆಕಾಶಮಾರ್ಗದಲ್ಲಿ ಅಳೆದರೆ ಎರಡು ನಿಲ್ದಾಣಗಳ ನಡುವೆ ಸುಮಾರು 240 ಕಿಲೋಮೀಟರ್. ಈ ಹಾದಿಯ ರೆಕ್ಕೆಚಕ್ರದ ಸಣ್ಣ ವಿಮಾನ ಗಂಟೆಗೆ 500 ಕಿಲೋಮೀಟರ್ ಹಾರಬಲ್ಲದು. ಹಾಗಿದ್ದರೆ ಅರ್ಧ ಗಂಟೆ ಸಾಕಲ್ಲ, ಟಿಕೆಟ್ಟಿನಲ್ಲಿ ಗಂಟೆಗೂ ಮೇಲೆ ಯಾಕೆ ತೋರಿಸ್ತಾರೆ ಅಂತೀರಾ? ನಿಂತಲ್ಲಿಂದ ಕದಲಿ, ಏರಿ, ಇಳಿದು, ಮತ್ತೆ ನಿಲ್ಲುವ ತನಕದ ಹೊತ್ತೆಲ್ಲ ಆ ಲೆಕ್ಕದಲ್ಲೇ ಸೇರಿರುತ್ತೆ.

ಇನ್ನು ಮನೆಯ ಲೆಕ್ಕ. ಮಧ್ಯಾಹ್ನ 12ಕ್ಕೆ ವಿಮಾನ ಅಂತಿಟ್ಟುಕೊಳ್ಳಿ. ಹೊರಡುವ ಒಂದು ಗಂಟೆ ಮುಂಚೆಯೇ ಕೌಂಟರ್ ಮುಚ್ಚಿಬಿಡ್ತಾರೆ. ಆಮೇಲೆ ಕೈಮುಗಿದರೂ ನಡೆಯೋದಿಲ್ಲ. ಹತ್ತೂವರೆಗೆ ಸೋಗಾನೆಯಲ್ಲಿರುವುದು ಕ್ಷೇಮ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ 50 ಕಿಲೋಮೀಟರಿಗೆ ಸ್ವಲ್ಪ ಮೇಲೆ, ಸೊರಬದಿಂದ ಶಿರಾಳಕೊಪ್ಪದ ಮೇಲೆ ಬಂದರೆ 90ರ ಆಸುಪಾಸು. ನಿಲ್ದಾಣ ಇರುವುದು ಪೇಟೆ ದಾಟಿ ಇನ್ನೂ ಮುಂದೆ. ಅಂದರೆ ಶಿಕಾರಿಪುರದವರು ಒಂಬತ್ತಕ್ಕೆ, ಸೊರಬದವರು ಏಳೂವರೆಗೇ ಕಾರು ಹತ್ತಬೇಕು. ಬೆಳಗಿನ ತಿಂಡಿ ಡಬ್ಬಿಯಲ್ಲೇ! ಇಳಿದ ಮೇಲೂ ಮುಗಿಯಲಿಲ್ಲ. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ 35 ಕಿಲೋಮೀಟರಿನ ಹಾದಿ, ಬೆಂಗಳೂರಿನ ವಾಹನದ ಜಂಗುಳಿ ಬೇರೆ. ಮನೆ ಸೇರುವಾಗ ಮೂರು ದಾಟಿರುತ್ತೆ. ಸೊರಬದವರಿಗೆ ಏಳೂಮುಕ್ಕಾಲು ಗಂಟೆ! ರಾತ್ರಿ ಬಸ್ಸಿನಲ್ಲಿ ಮಲಗಿ ಹೋದರೂ ಹೆಚ್ಚುಕಡಿಮೆ ಅಷ್ಟೇ, ಹಗಲೂ ಉಳಿಯುತ್ತೆ.

ಹಾಗಂತ ವಿಮಾನ ಬೇಡವೆನ್ನುತ್ತಿಲ್ಲ. ಸೊಂಟ ಹಿಡಿದ ಅತ್ತೆಯವರನ್ನೋ, ಆಪರೇಷನ್ ಆದವರನ್ನೋ ಬೆಂಗಳೂರಿಗೆ ಕರೆದೊಯ್ಯುವಾಗ ಈ ಲೆಕ್ಕವೇ ಬೇರೆ. ರಸ್ತೆಯ ಕುಲುಕಾಟ ಅರ್ಧಕ್ಕರ್ಧ ತಪ್ಪುತ್ತೆ, ಕುಳಿತು ಏಳಲು ನಡುನಡುವೆ ಆಸ್ಪದ ಇರುತ್ತೆ. ನನ್ನ ಕೇಳಿದರೆ ಆರೋಗ್ಯವಂತರು ಬಸ್ಸಿನಲ್ಲೇ ಹೋಗಲಿ, ಆ ಹಣ ಇಂಥವರಿಗಾಗಿ ಇರಲಿ. ಟಿಕೆಟ್ ತೆಗೆಸುವಾಗಲೇ ಗಾಲಿಕುರ್ಚಿ ಬೇಕೆಂದು ಹೇಳಿಡಿ. ಆಪರೇಷನ್ ಆದವರು ಹಾರಬಹುದೇ ಎಂದು ಡಾಕ್ಟರನ್ನು ಮೊದಲೇ ಕೇಳಿ. ತುಂಬು ಗರ್ಭಿಣಿಯರಿಗೂ ಡಾಕ್ಟರ ಪತ್ರ ಬೇಕಾಗುತ್ತೆ, ಎಷ್ಟನೇ ವಾರದಿಂದ ಎನ್ನುವುದು ಕಂಪನಿಗೊಂದು ನಿಯಮ.

ಮಳೆಗಾಲದಲ್ಲಿ ಮಾತ್ರ ಎಚ್ಚರ. ಮೋಡ, ಮಂಜು ಕವಿದು ಕೆಳಗಿನ ದಾರಿ ಕಾಣದಿದ್ದರೆ ವಿಮಾನ ಇಳಿಯದೆ ಹಿಂತಿರುಗುವುದೂ ಉಂಟು. ಆಸ್ಪತ್ರೆಯ ಸರದಿ ಇದ್ದರೆ ಹಿಂದಿನ ದಿನವೇ ಹೋಗಿ ತಂಗುವುದು ಒಳ್ಳೆಯದು. ಹೊರಡುವ ಬೆಳಿಗ್ಗೆ, ಕಾರಿಗೆ ಹೇಳುವ ಮೊದಲು, ವಿಮಾನ ಹೊತ್ತಿಗೆ ಸರಿಯಾಗಿದೆಯೇ ವಿಚಾರಿಸಿ.

ಮಗಳ ಮನೆಗೆ ಬರಿಗೈಲಿ ಹೋಗೋದುಂಟೆ? ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ತೆಗೆಸಿಬಿಟ್ಟಾರು. ಬಿಗಿಯಾಗಿ ಕಟ್ಟಿ ದೊಡ್ಡ ಪೆಟ್ಟಿಗೆಗೆ ಹಾಕಿ. ಕೊಬ್ಬರಿ ಗಿಟುಕನ್ನು ಮಾತ್ರ ಪೆಟ್ಟಿಗೆಗೂ ಹಾಕಬೇಡಿ. ಎಣ್ಣೆಯ ಅಂಶದಿಂದ ತಾನಾಗಿಯೇ ಕಾವೇರಿ ಬೆಂಕಿ ಹತ್ತೀತೆಂದು ಅದಕ್ಕೆ ನಿಷೇಧವಿದೆ. ಕೊಬ್ಬರಿ ಬೆಂಗಳೂರಲ್ಲೂ ಸಿಗುತ್ತೆ ಬಿಡಿ.