ಆತ್ಮಗೌರವದ ಗಣಿತ

ಪರೀಕ್ಷೆಯಲ್ಲಿ ಸಮಾನ ಅಂಕಗಳನ್ನು ಪಡೆದ ಇಬ್ಬರಲ್ಲಿ ಒಬ್ಬನು ಹಿಗ್ಗುತ್ತಾನೆ, ಇನ್ನೊಬ್ಬನು ಮುಖ ಮರೆಸಿಕೊಳ್ಳುತ್ತಾನೆ. ಇದೇಕೆ? ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸನು 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ಬರೆದನು: ಮೇಲೆ ನಾವು ಪಡೆದ ಯಶಸ್ಸು, ಕೆಳಗೆ ನಾವು ಇರಿಸಿಕೊಂಡ ಆಕಾಂಕ್ಷೆ. ಅಂಶವನ್ನು ಏರಿಸಿದರೂ ಸರಿ, ಛೇದವನ್ನು ಇಳಿಸಿದರೂ ಸರಿ, ರಾಶಿಯ ಬೆಲೆ ಹೆಚ್ಚುತ್ತದೆ. (ಛೇದವನ್ನು ಸೊನ್ನೆಗೇ ಇಳಿಸಬಹುದಲ್ಲವೆ ಎನ್ನುವ ಸೋಮಾರಿಗಳಿಗೆ, ಸೊನ್ನೆಯಿಂದ ಭಾಗಿಸಲಾಗದೆಂಬುದನ್ನು ಜ್ಞಾಪಿಸಬೇಕಾಗಿದೆ.) ಮನಶ್ಶಾಸ್ತ್ರದಲ್ಲಿ ತನ್ನನ್ನು ಮೀರಿಸಿದವರನ್ನು ಕಂಡರೆ ತನಗೆ ನೋವಾಗುವುದೆಂದೂ, ಗ್ರೀಕ್ ಭಾಷೆ ಬಾರದುದಕ್ಕೆ ಲವಲೇಶವೂ ನಾಚಿಕೆಯಿಲ್ಲವೆಂದೂ ಜೇಮ್ಸನೇ ಹೇಳಿಕೊಂಡಿದ್ದಾನೆ. ಗ್ರೀಕ್ ಆತನ ಛೇದದಲ್ಲಿ ಇರಲೇ ಇಲ್ಲ! ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ತನ್ನ ಬಾಳೇ ವ್ಯರ್ಥವೆಂದು ಕೊರಗುವ ವಿದ್ಯಾರ್ಥಿಯಾದರೋ, ಇಡೀ ಛೇದವನ್ನು ಅಂಕಪಟ್ಟಿಯೊಂದರಿಂದಲೇ ತುಂಬಿರುತ್ತಾನೆ.

ಆತ್ಮಗೌರವವೆಂದರೆ ಅಹಂಕಾರವಲ್ಲ. 1965ರಲ್ಲಿ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗನು ಇದನ್ನು ಅಳೆಯಲು 10 ವಾಕ್ಯಗಳ ಮಾಪಕವೊಂದನ್ನು ಪ್ರಕಟಿಸಿದನು. ಇತರರಿಗಿಂತ ನಾನು ಮೇಲೆನ್ನುವ ವಾಕ್ಯ ಅದರಲ್ಲಿ ಒಂದೂ ಇಲ್ಲ. ಇತರರಂತೆ ನಾನೂ ಬೆಲೆಯುಳ್ಳವನೆಂಬ ಭಾವವಿದೆಯೇ ಎಂದಷ್ಟೇ ಅದು ವಿಚಾರಿಸುತ್ತದೆ.

ಹಾಗಾದರೆ ಹೊಗಳಿಕೆಯಿಂದ ಆತ್ಮಗೌರವವನ್ನು ಬೆಳೆಸಿದರೆ ವಿದ್ಯೆಯೂ ಬೆಳೆಯುವುದೆ? 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಮೂವರು ಸಂಗಡಿಗರು ಅಲ್ಲಿಯವರೆಗಿನ ಸಂಶೋಧನೆಗಳನ್ನು ಪರಾಮರ್ಶಿಸಿದರು. ಎರಡಕ್ಕೂ ನಡುವಣ ಸಂಬಂಧ ಸಾಧಾರಣವಾದುದೇ. ಆ ಸಂಬಂಧದಲ್ಲಿಯೂ ಆತ್ಮಗೌರವವು ಉತ್ತಮ ವ್ಯಾಸಂಗದ ಕಾರಣವಲ್ಲ, ಕೆಲಮಟ್ಟಿಗೆ ಅದರ ಫಲವೆಂದು ಅವರಿಗೆ ಕಂಡುಬಂದಿತು. ಆದುದರಿಂದ ಲೆಕ್ಕ ಬಿಡಿಸಲಾರದೆ ಕುಳಿತವನಿಗೆ, ನೀನು ಜಾಣನೆಂಬ ಮಾತಿಗಿಂತ ಆ ಲೆಕ್ಕದ ಮೊದಲನೆಯ ಹೆಜ್ಜೆಯನ್ನು ತೋರಿಸುವುದೇ ಹೆಚ್ಚು ಉಪಕಾರವೆಂದು ನನ್ನ ಎಣಿಕೆ.