ಧ್ರುವಪ್ರಭೆಯ ಯಾತ್ರೆಯಲ್ಲಿ ಪಟ್ಟಣದ ಎರಡು ದಿನ

ನಮ್ಮ ವಾಚನಾಲಯಕ್ಕೆ ದಿನವೂ ಸಂಜೆ ಬರುವ ಹಿರಿಯರೊಬ್ಬರು ಹೋದ ತಿಂಗಳು ನನ್ನ ಮುಂದೆ ಒಂದು ಕಾಗದವಿಟ್ಟರು. ಮೂವತ್ತು ವರ್ಷ ದುಡಿದು ನಿವೃತ್ತರಾದ ಅವರು, ಪ್ರಾವಿಡೆಂಟ್ ಫಂಡಿನ ಹಣದಲ್ಲಿ ಒಂದು ಪಾಲು ತೆಗೆದು, ಪತ್ನಿಯೊಡನೆ ಫಿನ್ಲೆಂಡಿಗೆ ಹೋಗಿ ಉತ್ತರ ಧ್ರುವಪ್ರಭೆಯನ್ನು ನೋಡಿ ಬರಬೇಕೆಂದಿದ್ದಾರೆ. ಪ್ರವಾಸದ ಏಜೆಂಟರು ಬರೆದುಕೊಟ್ಟ ಪಟ್ಟಿಯಲ್ಲಿ ಏಳು ರಾತ್ರಿ. ಏಳೂ ಉತ್ತರದ ರೊವಾನಿಯೆಮಿ ಊರಿನಲ್ಲಿಯೇ. “ಏಳು ರಾತ್ರಿಯೂ ಮೋಡ ಮುಚ್ಚಿದರೆ ನನ್ನ ದುಡ್ಡು ನೀರಿಗೆ ಹಾಕಿದಂತೆಯೇ ಏನಪ್ಪಾ?” ಎಂದು ಕೇಳಿದರು.

ನಾನು ಆ ದೇಶವನ್ನು ಕಂಡವನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಆದರೂ ಓದಿ ತಿಳಿದುಕೊಂಡು ಅವರಿಗೆ ಹೇಳಿದ್ದನ್ನು ಉಳಿದ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಈ ಪ್ರಭೆ ಎಂಬುದು ಏನು? ಸೂರ್ಯನಿಂದ ವಿದ್ಯುತ್ಕಣಗಳು ಸದಾ ಹೊರಟು ಬರುತ್ತಿರುತ್ತವೆ. ಭೂಮಿಯ ಕಾಂತಶಕ್ತಿಯು ಕಣಗಳನ್ನು ಧ್ರುವಗಳ ಕಡೆಗೆ ತಿರುಗಿಸುತ್ತದೆ. ಅಲ್ಲಿ ಅವು ಗಾಳಿಯ ಆಮ್ಲಜನಕಕ್ಕೆ ತಾಗಿದಾಗ, ನೆಲದಿಂದ ಸುಮಾರು 100 ಕಿಲೋಮೀಟರಿಗೂ ಮೇಲೆ ಹಸಿರು ಬೆಳಕು, 200 ಕಿಲೋಮೀಟರಿಗೂ ಮೇಲೆ ಕೆಂಪು ಬೆಳಕು ಏಳುತ್ತದೆ. 2024ರ ಮೇ 10ರ ರಾತ್ರಿ ಸೌರಬಿರುಗಾಳಿ ಎಷ್ಟು ಬಲವಾಗಿತ್ತೆಂದರೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ ನಡೆಸುವ ವೀಕ್ಷಣಾಲಯದಿಂದಲೂ ಆಕಾಶ ಕೆಂಪೇರಿದ್ದು ಕಂಡಿತು. ಅಂಥ ರಾತ್ರಿ ಅಪರೂಪ. ಸಾಮಾನ್ಯವಾಗಿ ಇದನ್ನು ನೋಡಲು ಉತ್ತರಕ್ಕೇ ಹೋಗಬೇಕು.

ಆದರೆ ಮೋಡಗಳಿರುವುದು ಇದಕ್ಕಿಂತ ಬಹಳ ಕೆಳಗೆ. ಮೇಲೆ ಎಷ್ಟೇ ಪ್ರಭೆ ಮೆರೆದರೂ ಕೆಳಗೆ ಮೋಡ ಮುಚ್ಚಿದರೆ ಏನೂ ಕಾಣದು. ಇಲ್ಲಿ ನಮ್ಮ ಲೆಕ್ಕದ ಬುದ್ಧಿ ಸಹಾಯಕ್ಕೆ ಬರುತ್ತದೆ. ಎರಡು ರಾತ್ರಿಗೆ ಒಂದು ರಾತ್ರಿ ಮೋಡವೆಂದು ಇಟ್ಟುಕೊಳ್ಳೋಣ. ಎರಡೇ ರಾತ್ರಿ ನಿಂತರೆ ಎರಡೂ ಕೆಡುವ ಸಂಭವ ನಾಲ್ಕರಲ್ಲಿ ಒಂದು. ಮೂರು ನಿಂತರೆ ಎಂಟರಲ್ಲಿ ಒಂದು. ನಾಲ್ಕು ನಿಂತರೆ ಹದಿನಾರರಲ್ಲಿ ಒಂದು. ಐದನೆಯ ರಾತ್ರಿಯಿಂದ ಆಗುವ ಲಾಭ ನೂರಕ್ಕೆ ಮೂರರಷ್ಟು ಮಾತ್ರ. ಮೋಡ ಒಮ್ಮೆ ಕವಿದರೆ ದಿನಗಟ್ಟಲೆ ನಿಲ್ಲುವುದೂ ಉಂಟಾದ್ದರಿಂದ ಇದು ಬರೀ ಅಂದಾಜು. ಆದರೂ ಒಂದು ಮಾತು ಸ್ಪಷ್ಟ: ಉತ್ತರದಲ್ಲಿ ಮೂರು ರಾತ್ರಿಗಿಂತ ಕಡಿಮೆ ಮಾಡಬಾರದು, ನಾಲ್ಕರ ಮೇಲೆ ಕೂಡಿಸಿದ ರಾತ್ರಿ ಹೆಚ್ಚು ಫಲ ಕೊಡದು. ಉಳಿದ ದಿನಗಳನ್ನು ಪಟ್ಟಣಕ್ಕೆ ಕೊಟ್ಟರೆ, ಮೋಡ ಕಸಿಯಲಾರದ ಸಂಪಾದನೆ ಸ್ವಲ್ಪವಾದರೂ ಕೈಗೆ ಬರುತ್ತದೆ.

ಹೀಗಾಗಿ ಏಳು ರಾತ್ರಿಗಳನ್ನು ಬೇರೆ ರೀತಿ ಹಂಚಿದೆವು. ಮೊದಲನೆಯ ರಾತ್ರಿ ರಾಜಧಾನಿ ಹೆಲ್ಸಿಂಕಿಯಲ್ಲಿ: ವಿಮಾನದ ಆಯಾಸ ಕಳೆಯಲು, ಪೆಟ್ಟಿಗೆ ತಡವಾದರೆ ಕಾದು ಪಡೆಯಲು. ಎರಡನೆಯದು ರಾತ್ರಿಯ ರೈಲಿನಲ್ಲಿ. ರೊವಾನಿಯೆಮಿಗೆ ಸುಮಾರು ಹನ್ನೆರಡು ಗಂಟೆಯ ದಾರಿ. ಮಲಗುವ ಕೋಣೆ ತೆಗೆದುಕೊಂಡರೆ ಒಂದು ರಾತ್ರಿಯ ಹೋಟೆಲಿನ ಖರ್ಚು ಉಳಿಯುತ್ತದೆ. ಅನಂತರ ನಾಲ್ಕು ರಾತ್ರಿ ಉತ್ತರದಲ್ಲಿ. ಕೊನೆಯದು ಮತ್ತೆ ಹೆಲ್ಸಿಂಕಿಯಲ್ಲಿ. ಯಾಕೆಂದರೆ ಹಿಮ ಬಿದ್ದು ಪ್ರಯಾಣ ತಡವಾದರೂ ಊರಿಗೆ ಮರಳುವ ವಿಮಾನ ತಪ್ಪಬಾರದು.

ಹೆಲ್ಸಿಂಕಿಯಲ್ಲಿ ನೋಡಬೇಕಾದದ್ದರಲ್ಲಿ ನಮ್ಮಂಥವರಿಗೆ ಮುಖ್ಯವಾದದ್ದು ಊಡಿ ಎಂಬ ಸಾರ್ವಜನಿಕ ಗ್ರಂಥಾಲಯ. 2018ರ ಡಿಸೆಂಬರಿನಲ್ಲಿ ತೆರೆದ ಇದು ಮುಖ್ಯ ರೈಲು ನಿಲ್ದಾಣದ ಹತ್ತಿರವೇ, ಪಾರ್ಲಿಮೆಂಟಿನ ಎದುರಿಗಿದೆ. ಪ್ರವೇಶಕ್ಕೆ ಹಣವಿಲ್ಲ. ಪುಸ್ತಕಗಳಲ್ಲದೆ ಜನರ ಉಪಯೋಗಕ್ಕಾಗಿ ಹೊಲಿಗೆ ಯಂತ್ರಗಳನ್ನೂ ಇಟ್ಟಿದ್ದಾರೆ. ಹೊರಗಿನ ಚಳಿಗೆ ಇದಕ್ಕಿಂತ ಒಳ್ಳೆಯ ಆಸರೆ ಬೇಡ.

ಎರಡನೆಯ ದಿನ ಬೆಳಿಗ್ಗೆಯೇ ಹೊರಟರೆ ಎರಡು ಗಂಟೆಯೊಳಗೆ ತಾಂಪೆರೆ ಸಿಗುತ್ತದೆ. ಎರಡು ಸರೋವರಗಳ ನಡುವೆ ಧುಮುಕುವ ನೀರಿನ ಬಲದ ಮೇಲೆ ಬೆಳೆದ ಗಿರಣಿಯ ಊರು ಅದು. ಸ್ಕಾಟ್ಲೆಂಡಿನ ಜೇಮ್ಸ್ ಫಿನ್ಲೇಸನ್ 1820ರಲ್ಲಿ ಅಲ್ಲಿ ಕಾರ್ಖಾನೆ ತೆರೆದ. ಮುಂದೆ ಅದು ದೊಡ್ಡ ಹತ್ತಿ ಗಿರಣಿಯಾಯಿತು. 1882ರಲ್ಲಿ ಅದರ ನೇಯ್ಗೆಯ ಶಾಲೆಯಲ್ಲಿ ವಿದ್ಯುದ್ದೀಪ ಬೆಳಗಿತು. ಈಗ ಮಗ್ಗಗಳು ನಿಂತಿವೆ. ಆದರೆ ಕಟ್ಟಡಗಳನ್ನು ಕೆಡವದೆ, ಕಾರ್ಮಿಕರ ಬಾಳನ್ನು ತೋರಿಸುವ ವಸ್ತುಸಂಗ್ರಹಾಲಯವನ್ನು ಅಲ್ಲಿ ಇಟ್ಟಿದ್ದಾರೆ. ಅದನ್ನು ನೋಡಿಕೊಂಡು ರಾತ್ರಿಯ ರೈಲನ್ನು ಅಲ್ಲಿಯೇ ಹಿಡಿಯಬಹುದು.

ತಿಂಗಳನ್ನೂ ನೋಡಿ ಆರಿಸಬೇಕು. ಡಿಸೆಂಬರ್ ಕೊನೆಯಲ್ಲಿ ಹೆಲ್ಸಿಂಕಿಗೆ ಆರು ಗಂಟೆಯಷ್ಟೂ ಹಗಲಿಲ್ಲ. ಫೆಬ್ರವರಿ ಕೊನೆಗೆ ಹಗಲು ಹತ್ತು ಗಂಟೆಯಾಗಿ, ಪಟ್ಟಣ ನೋಡಲು ಬೆಳಕೂ ಪ್ರಭೆ ನೋಡಲು ಕತ್ತಲೂ ಸಾಕಷ್ಟು ಸಿಗುತ್ತವೆ. ಷೆಂಗೆನ್ ವೀಸಾ ಒಂದೇ ಸಾಕು. ಪಟ್ಟಣಕ್ಕೆ ಬೇರೆ ಬೇಡ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಮಾತ್ರ ಇರಲೇಬೇಕು. ಇನ್ನೊಂದು ಮಾತು, ಹತ್ತಿ ಗಿರಣಿಯವನಾದರೂ ಹೇಳಲೇಬೇಕು: ಮೈಗೆ ತಾಗುವ ಒಳಉಡುಪು ಹತ್ತಿಯದಾಗಿರಬಾರದು. ಬೆವರು ಹೀರಿದ ಹತ್ತಿ ಒದ್ದೆಯಾಗಿಯೇ ಉಳಿದು ಮೈ ಕೊರೆಯುತ್ತದೆ. ಉಣ್ಣೆಯೇ ಸರಿ.

ಹಿರಿಯರು ಹೊಸ ಪಟ್ಟಿಯನ್ನು ಮನೆಯಲ್ಲಿ ಓದಿ ತೋರಿಸಿದರಂತೆ. “ದೀಪ ಕಾಣದಿದ್ದರೂ ಗಿರಣಿ ಕಾಣುತ್ತದಲ್ಲ” ಎಂದರಂತೆ ಅವರ ಪತ್ನಿ. ಬರುವ ಫೆಬ್ರವರಿಯಲ್ಲಿ ಅವರ ಪ್ರಯಾಣ. ಆ ದೇಶದ ಭೂಪಟವನ್ನು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ, ಬೇಕಾದವರು ನೋಡಬಹುದು.