ಮೂವತ್ತಮೂರು

ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿರುವ ಅಣೆಕಟ್ಟೆಯನ್ನು ನೋಡಹೋದವರು ಅದರ ಗೇಟುಗಳನ್ನು ಎಣಿಸದೆ ಹಿಂದಿರುಗುವುದು ಅಪರೂಪ. ಅವು ೩೩. ಸಂಡೂರಿನ ಗುಡ್ಡಗಳ ಆಸರೆಯಲ್ಲಿ ೧೯೪೫ರಲ್ಲಿ ಮೊದಲಾದ ಈ ಕೆಲಸವು ೧೯೫೩ರಲ್ಲಿ ಮುಗಿಯಿತು. ಗೇಟುಗಳನ್ನು ತೆರೆದು ಹೆಚ್ಚು ನೀರು ಬಿಟ್ಟರೆ ಹಂಪೆಯ ಪುರಂದರ ಮಂಟಪವು ಮುಳುಗುವುದು. ಮುಚ್ಚಿ ನೀರನ್ನು ಹಿಡಿದಿಟ್ಟರೆ ಕಂಪ್ಲಿಯ ಕಡೆಯ ಗದ್ದೆಗಳಲ್ಲಿ ಭತ್ತ ತೆನೆಗಟ್ಟುವುದು. ಇಷ್ಟು ಹೊಣೆ ಹೊತ್ತ ಸಂಖ್ಯೆಯ ಸ್ವಭಾವವನ್ನು ವಾಚಕರೊಡನೆ ತುಸು ವಿಚಾರಿಸೋಣವೆಂದು ನಮಗೆ ತೋರಿತು.

ನಮ್ಮ ಮನೆಗಳಿಗೆ ಇದು ಹೊಸದಲ್ಲ. ವಸುಗಳು ೮, ರುದ್ರರು ೧೧, ಆದಿತ್ಯರು ೧೨, ಇನ್ನಿಬ್ಬರು ಕೂಡಿ ದೇವತೆಗಳು ೩೩. ಆದರೆ ಹಂಚುವ ಗೃಹಿಣಿಗೆ ಇದು ಅಷ್ಟು ಅನುಕೂಲವಾದ ಸಂಖ್ಯೆಯಲ್ಲ. ೩೩ ಉಂಡೆಗಳನ್ನು ಮುರಿಯದೆ ಸಮನಾಗಿ ಹಂಚಬೇಕಾದರೆ ಮಕ್ಕಳು ಮೂವರಿರಬೇಕು, ಇಲ್ಲವೆ ಹನ್ನೊಂದು ಮಂದಿ. ಒಬ್ಬೊಬ್ಬರಿಗೆ ಒಂದೊಂದೇ ಎಂದರೆ ಮೂವತ್ತಮೂರು ಮಂದಿ!

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ, ಹಾರದಂತಹ ಗುಣಲಬ್ಧಗಳೆಂದರೆ ಅವನಿಗೆ ಬಹು ಪ್ರೀತಿ. ಅವುಗಳಲ್ಲೊಂದು ನಮ್ಮ ಸಂಖ್ಯೆಯದೇ: ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧. ಮಕ್ಕಳ ಕೈಗೆ ಸ್ಲೇಟು ಕೊಟ್ಟು ಮಾಡಿಸಿ ನೋಡಬಹುದು.

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು ಮತ್ತೆ ಅದರಿಂದಲೇ ಗುಣಿಸಿದರೆ ಘನ. ೨ರ ಘನ ೮, ೩ರ ಘನ ೨೭. ಮೂರು ಘನಗಳನ್ನು ಕೂಡಿಯೋ ಕಳೆದೋ ೩೩ನ್ನು ಪಡೆಯಬಹುದೆ? ನೆರೆಯ ೩೪ಕ್ಕೆ ಉತ್ತರ ಸುಲಭ: ೨೭ಕ್ಕೆ ೮ ಕೂಡಿ ೧ ಕಳೆದರಾಯಿತು. ಇತ್ತ ೩೨ಕ್ಕೆ ಉತ್ತರವೇ ಇಲ್ಲ; ೯ರಿಂದ ಭಾಗಿಸಿದಾಗ ೪ ಅಥವಾ ೫ ಉಳಿಯುವ ಯಾವ ಸಂಖ್ಯೆಯೂ ಹೀಗೆ ಒದಗದೆಂದು ಸಿದ್ಧಪಟ್ಟಿದೆ. ನಡುವಿನ ೩೩ ಮಾತ್ರ ಆಗುವುದೆಂದೂ ಹೇಳದೆ, ಆಗದೆಂದೂ ಹೇಳದೆ, ೧೯೫೦ರ ದಶಕದಿಂದ ಅರುವತ್ತು ವರ್ಷಕ್ಕೂ ಮೇಲ್ಪಟ್ಟು ವಿದ್ವಾಂಸರನ್ನು ಕಾಡಿತು. ಕೊನೆಗೆ ೨೦೧೯ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಬೂಕರ್ ಕಂಪ್ಯೂಟರುಗಳ ನೆರವಿನಿಂದ ಉತ್ತರವನ್ನು ಕಂಡುಹಿಡಿದರು. ೮೮೬೬೧೨೮೯೭೫೨೮೭೫೨೮ರ ಘನದಿಂದ ೮೭೭೮೪೦೫೪೪೨೮೬೨೨೩೯ರ ಘನವನ್ನೂ ೨೭೩೬೧೧೧೪೬೮೮೦೭೦೪೦ರ ಘನವನ್ನೂ ಕಳೆದರೆ ಉಳಿಯುವುದು ೩೩. ಇದನ್ನು ಸ್ಲೇಟಿನ ಮೇಲೆ ಮಾಡಿಸಬೇಕೆಂದು ನಾವು ಹೇಳಲಾರೆವು.

ಇನ್ನು ಅಣೆಕಟ್ಟೆಯ ಲೆಕ್ಕ. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಪಾಠಶಾಲೆಯ ಲೆಕ್ಕದಂತೆ ೩೩ರಲ್ಲಿ ಒಂದು ಹೋದರೆ ನಷ್ಟವು ನೂರಕ್ಕೆ ಮೂರರಷ್ಟು. ನೀರು ಈ ಭಾಗಾಕಾರವನ್ನು ಒಪ್ಪುವುದಿಲ್ಲ. ಸುಮಾರು ೧೦೫ ಟಿ.ಎಂ.ಸಿ. ತುಂಬಿದ ಜಲಾಶಯದಲ್ಲಿ, ಗೇಟಿನ ತಳಮಟ್ಟಕ್ಕಿಂತ ಮೇಲಿರುವ ನೀರೆಲ್ಲ ಆ ಒಂದೇ ಕಂಡಿಯಿಂದ ಹರಿದುಹೋಗಬಲ್ಲದು, ಹೊತ್ತು ಹಿಡಿಯುವುದಷ್ಟೆ. ಒತ್ತಡವನ್ನು ಇಳಿಸಲು ಉಳಿದ ಗೇಟುಗಳಿಂದಲೂ ನೀರನ್ನು ಹೊರಬಿಡಬೇಕಾಯಿತು. ಬೆಳೆಯ ನೀರು ಕಣ್ಣೆದುರೇ ಹೊಳೆಗೆ ಹೋಗುತ್ತಿದ್ದ ಆ ದಿನಗಳಲ್ಲಿ ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ಕಂಡಿಯನ್ನು ಮುಚ್ಚಲಾಯಿತು. ಮಳೆ ಮುಂದುವರಿದು, ಸೆಪ್ಟೆಂಬರಿನಲ್ಲಿ ಜಲಾಶಯವು ಮತ್ತೆ ತುಂಬಿತು.